ಅಂಬರ್ ಒಡವೆ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಮಣ್ಣಿನಲ್ಲಿ ಅಂಬರ್ ಹುಟ್ಟುವುದಿಲ್ಲ. ಆದರೂ ಕುಶಾಲನಗರದಾಚೆಯ ಟಿಬೆಟನ್ನರ ಕೊರಳಲ್ಲಿ, ಗಲ್ಫಿನಿಂದ ಬಂದ ಜಪಸರದಲ್ಲಿ, ಮಡಿಕೇರಿಗೆ ಬರುವ ಪ್ರವಾಸಿಗರ ಕೈಬಳೆಯಲ್ಲಿ ಅದು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಮೊದಲು ಸರಳವಾದವು, ಆಮೇಲೆ ಕೊಳ್ಳುವುದು, ನಂಬಿಕೆ, ರಿಪೇರಿ.

## ಮೊದಲ ಪರಿಚಯ

ಅಂಬರ್ ಅಂದ್ರೆ ಕಲ್ಲಾ, ಗಾಜಾ, ಪ್ಲಾಸ್ಟಿಕ್ಕಾ?

ಮೂರೂ ಅಲ್ಲ. ಮರದ ಗಾಯದಿಂದ ಒಸರಿದ ರಾಳ ಮಣ್ಣಿನಡಿ ಹುದುಗಿ, ಕೋಟ್ಯಂತರ ವರ್ಷ ಕಳೆದು ಗಟ್ಟಿಯಾದದ್ದು. ಗೋಂದಿಗೂ ರಾಳಕ್ಕೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಜಾಲಿಮರದ ಗೋಂದು ನೀರಿನಲ್ಲಿ ಕರಗುತ್ತದೆ, ಹಾಗಾಗಿ ಅದು ಉಳಿಯುವುದಿಲ್ಲ. ರಾಳ ನೀರಿಗೆ ಜಗ್ಗುವುದಿಲ್ಲ. ಅದರಲ್ಲಿರುವ ಹಗುರ ಎಣ್ಣೆಗಳು ನಿಧಾನಕ್ಕೆ ಹಾರಿಹೋಗಿ, ಉಳಿದ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಒಡವೆಯ ಅಂಗಡಿಯಲ್ಲಿ ರತ್ನಗಳ ಸಾಲಿನಲ್ಲಿ ಕೂತರೂ ಅಂಬರ್ ಗಡಸಿಲ್ಲ. ಮೋಸ್ ಗಡಸುತನದ ಅಳತೆಯಲ್ಲಿ 2ರಿಂದ 2.5, ಅಂದರೆ ಹೆಚ್ಚುಕಡಿಮೆ ನಮ್ಮ ಉಗುರಿನಷ್ಟು. ಮಾಣಿಕ್ಯಕ್ಕೆ 9. ಮುಂದಿನ ಅರ್ಧದಷ್ಟು ಉತ್ತರಗಳು ಈ ಒಂದು ಅಂಕಿಯಿಂದಲೇ ಹೊರಡುತ್ತವೆ.

ಅಂಬರ್ ಅಂದ್ರೆ ತಿಮಿಂಗಿಲದ ವಾಂತಿ ಅಲ್ವಾ? ಇಟ್ಕೊಂಡ್ರೆ ಪೊಲೀಸ್ ಹಿಡೀತಾರಂತೆ!

ಅದು ಅಂಬರ್‌ಗ್ರಿಸ್. ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಹುಟ್ಟುವ, ಸುಗಂಧದ್ರವ್ಯಕ್ಕೆ ಬಳಸುವ ಮೇಣದಂಥ ಗಡ್ಡೆ. ಆ ತಿಮಿಂಗಿಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ಭಾರತದಲ್ಲಿ ಅದರ ವ್ಯಾಪಾರ ಅಪರಾಧ. ಹೆಸರಿನ ಗೊಂದಲ ಮಾತ್ರ ಹಳೆಯದು. ಅರಬ್ಬಿಯ ‘ಅನ್ಬರ್’ ಮೂಲತಃ ತಿಮಿಂಗಿಲದ ಗಡ್ಡೆಯ ಹೆಸರು. ಎರಡೂ ಕಡಲದಂಡೆಯಲ್ಲಿ ಸಿಗುತ್ತಿದ್ದುದರಿಂದ ಯುರೋಪಿನವರು ಅದೇ ಹೆಸರನ್ನು ರಾಳಕ್ಕೂ ಅಂಟಿಸಿದರು. ರಾಳದ ಅಂಬರ್ ಕೊಳ್ಳಲು, ಧರಿಸಲು ಯಾವ ಅಡ್ಡಿಯೂ ಇಲ್ಲ. ‘ಅಂಬರ್ ಗಡ್ಡೆ ಇದೆ, ಗಿರಾಕಿ ಹುಡುಕಿಕೊಡಿ’ ಎಂದು ಯಾರಾದರೂ ಗುಟ್ಟಾಗಿ ಬಂದರೆ ಅವರು ಹೇಳುತ್ತಿರುವುದು ಒಡವೆಯ ವಿಷಯ ಅಲ್ಲ, ದೂರ ಇರಿ.

ಇದಕ್ಕೆ ನಮ್ಮ ಕಡೆ ಹೆಸರೇ ಇಲ್ವಾ?

ಸಂಸ್ಕೃತದಲ್ಲಿ ತೃಣಮಣಿ, ಅಂದರೆ ಹುಲ್ಲನ್ನು ಸೆಳೆಯುವ ಮಣಿ. ಪಾರಸಿಯಲ್ಲಿ ಕಹ್ರುಬಾ, ಅದರ ಅರ್ಥವೂ ‘ಹುಲ್ಲು ಕದಿಯುವುದು’. ಉಣ್ಣೆಗೆ ಉಜ್ಜಿದ ಅಂಬರ್ ಹುಲ್ಲಿನ ಎಳೆಯನ್ನು ಎಳೆದುಕೊಳ್ಳುವುದನ್ನು ನೋಡಿ ಎರಡೂ ಕಡೆ ಒಂದೇ ಬಗೆಯ ಹೆಸರು ಇಟ್ಟಿದ್ದಾರೆ. ಗ್ರೀಕರು ಇದನ್ನು ಎಲೆಕ್ಟ್ರಾನ್ ಎನ್ನುತ್ತಿದ್ದರು. 1600ರಲ್ಲಿ ವಿಲಿಯಂ ಗಿಲ್ಬರ್ಟ್ ಈ ಸೆಳೆತಕ್ಕೆ ಆ ಪದದಿಂದಲೇ ಹೆಸರು ಕಟ್ಟಿದ. ಮಳೆಗಾಲದಲ್ಲಿ ದಿನಗಟ್ಟಲೆ ಕೈಕೊಡುವ ನಮ್ಮ ‘ಕರೆಂಟಿ’ನ ಇಂಗ್ಲಿಷ್ ಹೆಸರು ಬಂದದ್ದು ಈ ಮಣಿಯಿಂದ. ಈಗ ಕನ್ನಡದಲ್ಲಿ ಅಂಬರ್ ಎಂದರೆ ಸಾಕು. ‘ಅಂಬರ’ ಎಂದು ಬರೆದರೆ ಓದುವವರು ಆಕಾಶ ನೋಡುತ್ತಾರೆ.

ಜ್ಯೋತಿಷಿ ಹೇಳಿದ ಗೋಮೇಧಿಕ ಮತ್ತು ಅಂಬರ್ ಒಂದೇನಾ? ಬಣ್ಣ ಒಂದೇ ಥರ ಇದೆ.

ಒಂದೇ ಅಲ್ಲ. ಬಣ್ಣವೇನೋ ಎರಡಕ್ಕೂ ಜೇನಿನದ್ದೇ. ಆದರೆ ಗೋಮೇಧಿಕ ಗಾರ್ನೆಟ್ ಜಾತಿಯ ಖನಿಜ, ಗಡಸುತನ 7ರ ಆಸುಪಾಸು, ತೂಕ ಅದೇ ಗಾತ್ರದ ನೀರಿನ ಮೂರೂವರೆ ಪಟ್ಟಿಗಿಂತ ಹೆಚ್ಚು. ಅಂಬರ್ ನೀರಿಗಿಂತ ಕೂದಲೆಳೆಯಷ್ಟು ಭಾರ. ಅಂಗೈಯಲ್ಲಿ ಹಿಡಿದ ಕ್ಷಣವೇ ತಿಳಿಯುತ್ತದೆ: ಗೋಮೇಧಿಕ ತಣ್ಣಗೆ, ತೂಕವಾಗಿ ಕೂರುತ್ತದೆ, ಅಂಬರ್ ಬೆಚ್ಚಗೆ, ಇಲ್ಲದಂತೆ ಇರುತ್ತದೆ. ನವರತ್ನದಲ್ಲಿ ಅಂಬರ್‌ಗೆ ಜಾಗವಿಲ್ಲ.

## ಹುಟ್ಟೂರು

ಎಲ್ಲೆಲ್ಲಿ ಸಿಗುತ್ತೆ? ಭಾರತದಲ್ಲಿ ಇಲ್ವಾ?

ಒಡವೆಗೆ ಬರುವುದರಲ್ಲಿ ಬಹುಪಾಲು ಬಾಲ್ಟಿಕ್ ಸಮುದ್ರದ ಸುತ್ತಿನದು: ರಷ್ಯಾದ ಕಲಿನಿನ್‌ಗ್ರಾಡ್, ಪೋಲೆಂಡ್, ಲಿಥುವೇನಿಯಾ. ಕಲಿನಿನ್‌ಗ್ರಾಡಿನ ಯಂತಾರ್ನಿ ಗಣಿಯೇ ಎಲ್ಲಕ್ಕಿಂತ ದೊಡ್ಡದು. ಆ ರಾಳದ ವಯಸ್ಸು ಸುಮಾರು 4 ಕೋಟಿ ವರ್ಷ. ಮ್ಯಾನ್ಮಾರಿನ ಹುಕಾಂಗ್ ಕಣಿವೆಯದು ಸುಮಾರು 9.9 ಕೋಟಿ ವರ್ಷ, ಡೈನೋಸಾರ್ ಕಾಲದ್ದು. ಡೊಮಿನಿಕನ್ ಗಣರಾಜ್ಯದ್ದು ಹೋಲಿಕೆಯಲ್ಲಿ ಎಳೆಯದು. ಅದರಲ್ಲಿ ಕೆಲವು ತುಂಡುಗಳು ಬಿಸಿಲಿಗೆ ಹಿಡಿದರೆ ನೀಲಿಯಾಗಿ ಕಾಣುತ್ತವೆ.

ಭಾರತದಲ್ಲೂ ಇದೆ. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಮತ್ತು ತಡಕೇಶ್ವರ ಲಿಗ್ನೈಟ್ ಗಣಿಗಳಲ್ಲಿ ಸಿಗುವ ಖಂಬಾತ್ ಅಂಬರ್ ಸುಮಾರು 5 ಕೋಟಿ ವರ್ಷ ಹಳೆಯದು. 2010ರಲ್ಲಿ ಅದರೊಳಗಿನ 700ಕ್ಕೂ ಹೆಚ್ಚು ಕೀಟ, ಜೇಡಗಳ ವಿವರ ಪ್ರಕಟವಾಯಿತು. ಒಡವೆಗೆ ಮಾತ್ರ ಅದು ಒಗ್ಗದು. ಅಣುಗಳ ಕೊಂಡಿ ಸಡಿಲವಾಗಿರುವುದರಿಂದ ಮೆತ್ತಗೆ, ಬೇಗ ಪುಡಿಯಾಗುತ್ತದೆ. ದ್ರಾವಕ ಹಾಕಿ ಅದನ್ನು ಕರಗಿಸಿ ಒಳಗಿನ ಕೀಟವನ್ನು ಹೊರತೆಗೆಯಲೂ ಬರುತ್ತದೆ. ಕೊಡಗಿನವರಿಗೆ ಅದರಲ್ಲಿ ಬೇರೊಂದು ಸ್ವಾರಸ್ಯವಿದೆ. ಆ ರಾಳ ಸುರಿಸಿದ ಮರಗಳು ಡಿಪ್ಟೆರೊಕಾರ್ಪ್ ಕುಟುಂಬದವು. ನಮ್ಮ ಘಟ್ಟದ ಬಿಳಿಧೂಪದ ಮರವೂ ಅದೇ ಕುಟುಂಬ.

ಹಾಗಾದ್ರೆ ನಮ್ಮ ಕಾಡಿನ ಧೂಪದ ಅಂಟನ್ನು ಹೂತಿಟ್ಟರೆ ಅಂಬರ್ ಆಗುತ್ತಾ?

ಕಾದು ನೋಡಲು ಯಾರಿಗೂ ಆಯುಸ್ಸು ಸಾಲದು. ಬ್ರಹ್ಮಗಿರಿ, ಪುಷ್ಪಗಿರಿ, ಮಾಕುಟ್ಟದ ಕಡೆಯ ನಿತ್ಯಹಸಿರು ಕಾಡಿನಲ್ಲಿ ಎರಡು ಬಗೆ ಧೂಪ ಹೆಸರುವಾಸಿ. ಬಿಳಿಧೂಪದ ರಾಳ ತಿಳಿಯಾಗಿ, ನಸುಹಳದಿಯಾಗಿರುತ್ತದೆ, ಕರಿಧೂಪದ್ದು ಕಪ್ಪುಕಂದು. ಗಾಯದಿಂದ ಇಳಿದ ಅಂಟು ತಿಂಗಳುಗಳಲ್ಲಿ ಗಟ್ಟಿಯಾಗಿ ಮಣಿಯಂತೆ ಕಾಣಬಹುದು. ಉಜ್ಜಿದರೆ ಹೊಳಪೂ ಬರುತ್ತದೆ. ಆದರೆ ಅಂಗೈ ಬಿಸಿಗೆ ಜಿಗುಟಾಗುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿ ಏಳುತ್ತದೆ, ವರ್ಷ ತುಂಬುವುದರೊಳಗೆ ಮೈಮೇಲೆ ಜಾಲರಿಯಂಥ ಬಿರುಕು ಹಬ್ಬುತ್ತದೆ. ಮಣಿ ಮಾಡಿ ದಾರಕ್ಕೆ ಪೋಣಿಸಿದರೆ ತೂತಿನ ಬಾಯಿಯಲ್ಲೇ ಒಡೆಯುತ್ತದೆ.

ಅಂಬರ್ ಆಗಲು ರಾಳದ ಮೇಲೆ ಬೇಗನೆ ಹೂಳು ಕೂತು ಗಾಳಿ ತಪ್ಪಬೇಕು, ಆ ಹೂಳು ಪದರ ಪದರವಾಗಿ ಆಳಕ್ಕೆ ಇಳಿಯಬೇಕು. ಕೊಡಗಿನ ನೆಲ 250 ಕೋಟಿ ವರ್ಷಕ್ಕೂ ಹಳೆಯ, ಭೂಮಿಯಾಳದಲ್ಲಿ ಬೆಂದು ಬಂದ ಬಂಡೆ. ರಾಳ ಸುರಿಸುವ ಮರಗಳು ಹುಟ್ಟುವ ಮೊದಲೇ ಆ ಬಂಡೆ ಗಟ್ಟಿಯಾಗಿತ್ತು. ಆದ್ದರಿಂದ ‘ತಲಕಾವೇರಿ ಬೆಟ್ಟದಲ್ಲಿ ಸಿಕ್ಕಿದ ಅಂಬರ್’ ಎಂದು ಯಾರಾದರೂ ತೋರಿಸಿದರೆ ಅದು ಧೂಪದ ಅಂಟು, ಇಲ್ಲವೇ ಹೊರಗಿಂದ ಬಂದ ಮಾಲು. ಇನ್ನೊಂದು ಮಾತು: ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನ ಧೂಪದ ಮರಕ್ಕೆ ಕಚ್ಚು ಹಾಕುವುದು ಅಪರಾಧ. ಬುಡಕ್ಕೆ ಬೆಂಕಿ ಕೊಟ್ಟು ಅಂಟು ಇಳಿಸುವ ಕ್ರಮವಂತೂ ಮರವನ್ನೇ ಕೊಲ್ಲುತ್ತದೆ.

ಒಳಗೆ ಹುಳ ಇರೋದೇ ಅಸಲಿ ಅಂತಾರೆ, ಹೌದಾ?

ತಲೆಕೆಳಗು ಮಾತು. ಹುಳವಿಲ್ಲದ ಅಸಲಿ ಅಂಬರೇ ಹೆಚ್ಚು, ಹುಳವಿರುವ ನಕಲಿಯೂ ಧಾರಾಳ. ಅಸಲಿಯಲ್ಲಿ ಸಿಗುವವು ಸಾಮಾನ್ಯವಾಗಿ ಕೆಲವೇ ಮಿಲಿಮೀಟರಿನ ನೊಣ, ಗುಂಗುರು, ಇರುವೆ. ಜಿಗುಟಿನಲ್ಲಿ ಒದ್ದಾಡಿ ಕಾಲು ಮುದುಡಿ ಸತ್ತವು. ಪಕ್ಕದಲ್ಲಿ ಗುಳ್ಳೆ, ರಾಳ ಹರಿದ ಗೆರೆ, ಕಸ ಇರುತ್ತದೆ. ಚೇಳೋ ದುಂಬಿಯೋ ಮಣಿಯ ನಟ್ಟನಡುವೆ ಫೋಟೋಗೆ ನಿಂತಂತೆ ಕಾಲು ಚಾಚಿ ಕೂತಿದ್ದರೆ ಅದು ಅಚ್ಚಿನಲ್ಲಿ ಪ್ಲಾಸ್ಟಿಕ್ ಸುರಿದು ಮಾಡಿದ್ದು. 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಸಾಕು, ಅಕ್ಕಸಾಲಿಗಳ ಬಳಿ ಇದ್ದೇ ಇರುತ್ತದೆ.

## ಕೊಳ್ಳುವ ಮೊದಲು

ಮನೇಲೇ ಅಸಲಿ-ನಕಲಿ ಪತ್ತೆ ಮಾಡೋದು ಹೇಗೆ?

ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬೇಡಿ. ಮೂರು ಪರೀಕ್ಷೆ ಮಾಡಿ. ಮೂರೂ ಒಂದೇ ಕಡೆ ತೋರಿಸಿದರೆ ನಂಬಿ.

ಮೊದಲು ಉಪ್ಪುನೀರು. 200 ಮಿಲಿ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಪುಡಿ ಉಪ್ಪು, ಅಂದರೆ ಸುಮಾರು 8 ಮಟ್ಟ ಟೀಚಮಚ, ಹಾಕಿ ತಳದಲ್ಲಿ ಕಣವೂ ಉಳಿಯದಂತೆ ಕಲಕಿ. ಬಿಡಿ ಮಣಿಯನ್ನು ಮೊದಲು ಸಾದಾ ನೀರಿಗೆ ಹಾಕಿ, ಮುಳುಗಬೇಕು. ಅದನ್ನೇ ಉಪ್ಪುನೀರಿಗೆ ಹಾಕಿ, ತೇಲಬೇಕು. ಅಂಬರಿನ ಸಾಂದ್ರತೆ 1.05ರಿಂದ 1.10, ಈ ಉಪ್ಪುನೀರಿನದು ಸುಮಾರು 1.15. ಗಾಜು, ಹಳೆಯ ಬಗೆಯ ಪ್ಲಾಸ್ಟಿಕ್‌ಗಳಾದ ಬೇಕಲೈಟ್, ಸೆಲ್ಯುಲಾಯ್ಡ್ ತಳ ಸೇರುತ್ತವೆ. ಆದರೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ ತೇಲುತ್ತದೆ, ಎಳೆಯ ರಾಳವಾದ ಕೋಪಲ್ ಕೂಡ ತೇಲುತ್ತದೆ. ಈ ಪರೀಕ್ಷೆ ಕೆಡುವುದು ಮೂರು ಕಾರಣಕ್ಕೆ: ಉಪ್ಪು ಕಡಿಮೆಯಾಗಿರುವುದು, ಮಣಿಯ ತೂತಿನಲ್ಲಿ ಗಾಳಿಗುಳ್ಳೆ ಸಿಕ್ಕಿರುವುದು, ಲೋಹದ ಕೊಂಡಿಯ ಸಮೇತ ಸರವನ್ನೇ ಮುಳುಗಿಸುವುದು. ಆದಮೇಲೆ ಸಾದಾ ನೀರಿನಲ್ಲಿ ತೊಳೆದು ಒರೆಸಿ.

ಆಮೇಲೆ ಅಸಿಟೋನ್. ಉಗುರುಬಣ್ಣ ತೆಗೆಯುವ ದ್ರವದ ಬಾಟಲಿಯ ಮೇಲೆ ಅಸಿಟೋನ್ ಎಂದು ಬರೆದಿರಬೇಕು. ಅಸಿಟೋನ್ ಇಲ್ಲದವೂ ಮಾರಾಟಕ್ಕಿವೆ. ತೂತಿನ ಪಕ್ಕ, ಕಣ್ಣಿಗೆ ಬೀಳದ ಕಡೆ ಒಂದು ತೊಟ್ಟು ಇಟ್ಟು ಒಂದು ನಿಮಿಷದ ನಂತರ ಬೆರಳು ಒತ್ತಿ. ಕೋಪಲ್ ಜಿಗುಟಾಗುತ್ತದೆ, ಪಾಲಿಸ್ಟೈರೀನ್ ಕರಗುತ್ತದೆ, ಅಂಬರ್ ಸುಮ್ಮನಿರುತ್ತದೆ. ಹೀಗೆ ಉಪ್ಪುನೀರಿನಲ್ಲಿ ನುಸುಳಿಕೊಂಡ ಎರಡೂ ಇಲ್ಲಿ ಸಿಕ್ಕಿಬೀಳುತ್ತವೆ. ಒಂದು ಎಚ್ಚರ: ಕೆಲವು ಅಸಲಿ ಮಣಿಗಳಿಗೆ ಹೊಳಪಿಗೆಂದು ವಾರ್ನಿಷ್ ಬಳಿದಿರುತ್ತಾರೆ, ಆಗ ಜಿಗುಟಾಗುವುದು ವಾರ್ನಿಷ್. ಒರೆಸಿ, ಅದೇ ಜಾಗದಲ್ಲಿ ಇನ್ನೊಮ್ಮೆ ಮಾಡಿ.

ಮೂರನೆಯದು ನೇರಳಾತೀತ ಟಾರ್ಚ್. ನೋಟು ನೋಡುವ ಅಗ್ಗದ ಟಾರ್ಚಿನ ನೇರಳೆ ಬೆಳಕು ಮಣಿಯ ಬಣ್ಣವನ್ನೇ ಮುಚ್ಚುತ್ತದೆ. 365 ನ್ಯಾನೋಮೀಟರಿನದು ಬೇಕು. ಕತ್ತಲಲ್ಲಿ ಬಾಲ್ಟಿಕ್ ಅಂಬರ್ ನೀಲಿಮಿಶ್ರಿತ ಬಿಳಿ ಅಥವಾ ಹಸಿರು ಛಾಯೆಯಲ್ಲಿ ಮಿನುಗುತ್ತದೆ. ಬಹುತೇಕ ಪ್ಲಾಸ್ಟಿಕ್ ಮಂಕಾಗಿಯೇ ಇರುತ್ತದೆ.

ಉಣ್ಣೆಗೆ ಉಜ್ಜಿ ಕಾಗದದ ಚೂರು ಎತ್ತಿಸುವ ಪರೀಕ್ಷೆ ನೋಡಲು ಚಂದ, ಉಪಯೋಗ ಕಡಿಮೆ. ಪ್ಲಾಸ್ಟಿಕ್ ಬಾಚಣಿಗೆಯೂ ಕಾಗದ ಎತ್ತುತ್ತದಲ್ಲ! ಸಾಲದ್ದಕ್ಕೆ ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವಕ್ಕೆ ವಿದ್ಯುದಾವೇಶ ಹುಟ್ಟಿದಷ್ಟೇ ಬೇಗ ಸೋರಿಹೋಗಿ ಅಸಲಿಯೂ ಸೋಲುತ್ತದೆ. ಮಾಡಲೇಬೇಕೆಂದರೆ ಸುಗ್ಗಿಯ ಹಬ್ಬ ಪುತ್ತರಿ ಕಳೆದ ಮೇಲಿನ ಒಣ ಹವೆಯಲ್ಲಿ ಮಾಡಿ.

ಸೂಜಿ ಕಾಯಿಸಿ ಚುಚ್ಚಿದ್ರೆ ಗೊತ್ತಾಗುತ್ತಂತಲ್ಲ?

ಗೊತ್ತಾಗುತ್ತದೆ, ಜೊತೆಗೆ ಮಣಿಯೂ ಕೆಡುತ್ತದೆ. ಅಂಬರಿನಿಂದ ಸರಲ (ಪೈನ್) ಮರದ ಸುವಾಸನೆ, ಬೇಕಲೈಟಿನಿಂದ ಕಾರ್ಬಾಲಿಕ್ ವಾಸನೆ ಬರುವುದು ನಿಜ. ಆದರೆ ಕೋಪಲ್‌ನದೂ ಸುವಾಸನೆಯೇ, ಮೂಗು ಮೋಸ ಹೋಗುತ್ತದೆ. ಹಳೆಯ ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಬೇಡ.

ತೂಕದಿಂದ ಅಂದಾಜು ಮಾಡಬಹುದಾ?

ಗುಂಡಾದ ಮಣಿಗಾದರೆ ಚೆನ್ನಾಗಿ ಮಾಡಬಹುದು. ಮಿಲಿಗ್ರಾಂ ತೋರಿಸುವ ಅಕ್ಕಸಾಲಿಯ ತಕ್ಕಡಿ ಬೇಕು, ಅಡುಗೆಮನೆಯದು ಸಾಲದು. 10 ಮಿಲಿಮೀಟರಿನ ಅಂಬರ್ ಮಣಿ ಸುಮಾರು 0.56 ಗ್ರಾಂ, 20 ಮಿಲಿಮೀಟರಿನದು ಸುಮಾರು 4.5 ಗ್ರಾಂ. 20 ಮಿಲಿಮೀಟರಿನ ಬೇಕಲೈಟ್ 5 ಗ್ರಾಂ ದಾಟುತ್ತದೆ, ಗಾಜು 10 ದಾಟುತ್ತದೆ. 8 ಮಿಲಿಮೀಟರಿನ 108 ಮಣಿಯ ಜಪಸರ ಅಂಬರಿನದಾದರೆ ದಾರ ಬಿಟ್ಟು 31 ಗ್ರಾಂ ಆಸುಪಾಸು. ಅದೇ ಗಾಜಿನ ಸರ 70 ಗ್ರಾಂ. ತೂತು ಅಗಲವಾಗಿದ್ದರೆ ಸ್ವಲ್ಪ ಕಳೆಯಿರಿ.

ಬೆಲೆ ಕೇಳುವಾಗ ಗ್ರಾಮಿಗೋ ಕ್ಯಾರೆಟಿಗೋ ಎಂದು ಮೊದಲೇ ಕೇಳಿ. 1 ಗ್ರಾಂ ಎಂದರೆ 5 ಕ್ಯಾರೆಟ್. ಅಂಬರನ್ನು ಗ್ರಾಮಿನ ಲೆಕ್ಕದಲ್ಲಿ ಮಾರುವುದು ರೂಢಿ. ಕ್ಯಾರೆಟ್ ದರ ಹೇಳಿದರೆ ಕಿವಿಗೆ ಅಗ್ಗ ಅನಿಸುತ್ತದೆ, ಅಷ್ಟೆ.

ಬೈಲಕುಪ್ಪೆ ಕಡೆ ನೋಡೋ ದೊಡ್ಡ ಹಳದಿ ಮಣಿ, ಅದು ಟಿಬೆಟ್‌ನ ಅಂಬರಾ?

ಟಿಬೆಟಿನಲ್ಲಿ ಅಂಬರ್ ಗಣಿಯಿಲ್ಲ. ಬಾಲ್ಟಿಕ್ಕಿನಿಂದ, ಬರ್ಮಾದಿಂದ ವ್ಯಾಪಾರದ ದಾರಿಯಲ್ಲಿ ಮಣಿ ಕೈಬದಲಾಯಿಸುತ್ತ ಅಲ್ಲಿಗೆ ಮುಟ್ಟಿತು. ಬೆಣ್ಣೆಯಂತೆ ಮಬ್ಬಾದ ಹಳದಿ ಗುಂಡುಗಳನ್ನು ಹವಳ, ಆಕಾಶನೀಲಿಯ ಟರ್ಕೋಯಿಸ್ ಕಲ್ಲಿನ ಜೊತೆ ಪೋಣಿಸಿ ತಲೆಗೆ, ಕೊರಳಿಗೆ ಹಾಕುವುದು ಅವರ ಹಳೆಯ ಸಂಪ್ರದಾಯ. 1961ರಲ್ಲಿ ಬೈಲಕುಪ್ಪೆಯ ಶಿಬಿರ ಶುರುವಾದಾಗ ಬಂದ ಕುಟುಂಬಗಳಿಗೆ ಇಂಥ ಮಣಿ ಒಡವೆಯೂ ಹೌದು, ಜೊತೆಯಲ್ಲಿ ಹೊತ್ತು ತರಬಹುದಾದ ಆಸ್ತಿಯೂ ಹೌದು.

ಇವತ್ತು ‘ಟಿಬೆಟನ್ ಅಂಬರ್’ ಎಂಬ ಹೆಸರಿನಲ್ಲಿ ಎಲ್ಲ ಕಡೆ ಮಾರಾಟವಾಗುವುದು ಬೇರೆ ಸಂಗತಿ. ಅದರಲ್ಲಿ ಕೋಪಲ್ ಇರುತ್ತದೆ, 20ನೇ ಶತಮಾನದ ಮೊದಲ ಭಾಗದಲ್ಲಿ ಯುರೋಪಿನಲ್ಲಿ ತಯಾರಾದ ಫೀನಾಲಿಕ್ (ಬೇಕಲೈಟ್ ಬಗೆಯ) ಪ್ಲಾಸ್ಟಿಕ್ ಮಣಿ ಇರುತ್ತದೆ, ನಿನ್ನೆ ಮೊನ್ನೆ ಅಚ್ಚಿನಲ್ಲಿ ಸುರಿದದ್ದೂ ಇರುತ್ತದೆ. ಫೀನಾಲಿಕ್ ಮಣಿಗೆ ನೂರು ವರ್ಷದ ಬಳಕೆಯ ನುಣುಪು ಬಂದಿರುತ್ತದೆ, ಆದ್ದರಿಂದ ‘ಅಜ್ಜಿಯ ಕಾಲದ್ದು’ ಎಂಬ ಮಾತು ನಿಜವಾಗಿದ್ದೂ ಅಂಬರ್ ಸುಳ್ಳಾಗಿರಬಹುದು. ಸರದ ಎಲ್ಲ ಮಣಿಯೂ ಅಚ್ಚು ಒತ್ತಿದಂತೆ ಒಂದೇ ಬಣ್ಣ, ಒಂದೇ ಸುಳಿ ಇದ್ದರೆ ಅನುಮಾನಿಸಿ.

ಮಣಿಯೊಳಗೆ ಮೀನಿನ ಹುರುಪೆಯಂತೆ ಹೊಳೆಯೋ ಚಕ್ರಗಳಿವೆ. ಒಳ್ಳೆಯದಾ?

ಅದು ಕಾಯಿಸಿದ ಗುರುತು. ಮಬ್ಬಾದ ಅಂಬರನ್ನು ತಿಳಿಯಾಗಿಸಲು ಒತ್ತಡದ ಪಾತ್ರೆಯಲ್ಲಿ ಬಿಸಿ ಮಾಡುತ್ತಾರೆ. ಒಳಗಿನ ಸಣ್ಣ ಗುಳ್ಳೆಗಳು ಹಿಗ್ಗಿ ಚಪ್ಪಟೆ ಬಿರುಕಾಗಿ ಹೊಳೆಯುತ್ತವೆ. ಅಸಲಿಯೇ, ಆದರೆ ‘ಏನೂ ಮಾಡಿಲ್ಲ, ನೈಸರ್ಗಿಕ’ ಎಂದು ಹೆಚ್ಚಿನ ಬೆಲೆ ಹೇಳಿದರೆ ಒಪ್ಪಬೇಡಿ. ಒತ್ತಿದ ಅಂಬರ್ ಬೇರೆ: ಚೂರುಗಳನ್ನು 200 ಡಿಗ್ರಿಗೂ ಮೇಲೆ ಕಾಯಿಸಿ, ಹಿಂಡಿ ಒಂದೇ ಗಡ್ಡೆ ಮಾಡಿದ್ದು. ಮಸೂರದಲ್ಲಿ ಚೂರುಗಳ ಅಂಚು ನಾರಿನಂತೆ, ಗುಳ್ಳೆಗಳು ಒಂದೇ ದಿಕ್ಕಿಗೆ ಎಳೆದಂತೆ ಕಾಣುತ್ತವೆ. ಇದರ ಬೆಲೆ ಇಡೀ ತುಂಡಿನದಕ್ಕಿಂತ ಬಹಳ ಕಡಿಮೆ ಇರಬೇಕು.

ಹಾಲ್‌ಮಾರ್ಕ್ ಇದೆ ಅಂದ್ರು, ಸಾಕಲ್ವಾ?

ಸಾಲದು. ಹಾಲ್‌ಮಾರ್ಕ್ ಮತ್ತು 6 ಅಕ್ಷರ-ಅಂಕಿಗಳ ಗುರುತು ಸಂಖ್ಯೆಯಾದ ಎಚ್‌ಯುಐಡಿ ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ. ಅದರಲ್ಲಿ ಕೂರಿಸಿದ ಹರಳಿಗೂ ಅದಕ್ಕೂ ಸಂಬಂಧವಿಲ್ಲ. ದುಬಾರಿ ತುಂಡಾದರೆ ರತ್ನ ಪರೀಕ್ಷಾಲಯದ ವರದಿ ಕೇಳಿ. ಜೈಪುರದ ಐಐಜಿಜೆ-ಆರ್‌ಎಲ್‌ಸಿ (ಹಿಂದಿನ ಹೆಸರು ಜೆಮ್ ಟೆಸ್ಟಿಂಗ್ ಲ್ಯಾಬೊರೇಟರಿ) ಪರೀಕ್ಷಾಲಯದಂಥ ಕಡೆ ಅವಕೆಂಪು ಬೆಳಕಿನ ಪರೀಕ್ಷೆಯಲ್ಲಿ ಮಣಿಗೆ ಗೀರೂ ಬೀಳದಂತೆ ಅಂಬರ್, ಕೋಪಲ್, ಪ್ಲಾಸ್ಟಿಕ್ ಬೇರ್ಪಡಿಸುತ್ತಾರೆ. ಬಿಲ್ಲಿನಲ್ಲಿ ‘ಅಂಬರ್ ಬಣ್ಣದ ಮಣಿ’ ಎಂದಿದ್ದರೆ ಬಣ್ಣಕ್ಕಷ್ಟೇ ದುಡ್ಡು ಕೊಟ್ಟಿದ್ದೀರಿ.

## ನಂಬಿಕೆಗಳು

ಮಗುವಿಗೆ ಹಲ್ಲು ಬರುವಾಗ ಅಂಬರ್ ಸರ ಹಾಕಿದ್ರೆ ನೋವು ಕಡಿಮೆ ಅಂತ ಆನ್‌ಲೈನ್‌ನಲ್ಲಿ ಮಾರ್ತಿದಾರೆ. ಹಾಕ್ಲಾ?

ಹಾಕಬೇಡಿ. ಈ ಪುಟದಲ್ಲಿ ಇಷ್ಟು ಖಡಾಖಂಡಿತವಾಗಿ ಹೇಳುವ ಉತ್ತರ ಇದೊಂದೇ.

ಮಾರುವವರ ವಾದ ಹೀಗಿದೆ: ಬಾಲ್ಟಿಕ್ ಅಂಬರಿನಲ್ಲಿ 3ರಿಂದ 8 ಶೇಕಡ ಸಕ್ಸಿನಿಕ್ ಆಮ್ಲವಿದೆ, ಮೈಬಿಸಿಗೆ ಅದು ಹೊರಬಂದು ಚರ್ಮದ ಮೂಲಕ ಒಳಹೋಗಿ ನೋವು ತಗ್ಗಿಸುತ್ತದೆ. ಮೊದಲ ಅರ್ಧ ನಿಜ. ಆದರೆ ಆ ಆಮ್ಲ ರಾಳದ ಅಣುಜಾಲದಲ್ಲೇ ಬಿಗಿದುಕೊಂಡಿದೆ. ಹಿಂದಿನವರು ಅದನ್ನು ಪಡೆಯಲು ಅಂಬರನ್ನು ಭಟ್ಟಿಯಲ್ಲಿ ಸುಟ್ಟು ಇಳಿಸಬೇಕಾಗಿತ್ತು. 37 ಡಿಗ್ರಿ ಮೈಬಿಸಿಗೆ ಅದು ಹೊರಬರುವುದಿಲ್ಲ. 4 ಕೋಟಿ ವರ್ಷ ನೆಲದಲ್ಲಿದ್ದೂ ಬಿಟ್ಟುಕೊಡದ್ದನ್ನು ಮಗುವಿನ ಕತ್ತಿನಲ್ಲಿ ಬಿಟ್ಟುಕೊಡುತ್ತದೆಯೇ?

ಅಪಾಯ ಮಾತ್ರ ಕಣ್ಣಿಗೆ ಕಾಣುವಂಥದ್ದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರ ಡಿಸೆಂಬರಿನಲ್ಲಿ ಇಂಥ ಸರಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ನಿದ್ದೆಯಲ್ಲಿ ಅಂಬರ್ ಸರ ಬಿಗಿದು 18 ತಿಂಗಳ ಮಗು ಸತ್ತದ್ದನ್ನು ಅದರಲ್ಲಿ ಹೇಳಿದೆ. ದಾರ ಕಡಿದರೆ ಮಣಿ ಗಂಟಲಿಗೆ ಹೋಗುತ್ತದೆ. ಕತ್ತಿಗೆ ಬೇಡ, ಕೈಗೆ, ಕಾಲಿಗೆ ಕಟ್ಟುತ್ತೇವೆ ಎಂದರೂ ಮಣಿ ಬಾಯಿಗೆ ಹೋಗುವುದು ತಪ್ಪದು. ಒಸಡಿಗೆ ತೊಳೆದ ಬೆರಳಿಂದ ಮೆಲ್ಲಗೆ ಉಜ್ಜಿ. ಫ್ರಿಜ್ಜಿನಲ್ಲಿಟ್ಟು ತಣ್ಣಗಾದ, ಮಂಜುಗಟ್ಟದ ಒದ್ದೆಬಟ್ಟೆಯನ್ನು ನೀವು ಹತ್ತಿರವಿದ್ದು ಕಚ್ಚಲು ಕೊಡಿ.

ಕಾಮಾಲೆಗೆ, ಥೈರಾಯ್ಡಿಗೆ ಅಂಬರ್ ಒಳ್ಳೇದು ಅಂತಾರಲ್ಲ?

ಎರಡೂ ತುಂಬ ಹಳೆಯ ನಂಬಿಕೆ. ಹಳದಿ ರೋಗವನ್ನು ಹಳದಿ ಮಣಿ ಹೀರಿಕೊಳ್ಳುತ್ತದೆ ಎಂಬ ತರ್ಕ ಹಲವು ನಾಡುಗಳಲ್ಲಿದೆ. ಕತ್ತಿನ ಊತದ್ದು ಇನ್ನೂ ಸ್ವಾರಸ್ಯ: ಪೋ ನದಿಯ ಉತ್ತರದ ಹಳ್ಳಿಯ ಹೆಂಗಸರು ಚಂದಕ್ಕೂ ಗಂಟಲಿನ ರೋಗಕ್ಕೂ ಅಂಬರ್ ಸರ ಹಾಕುತ್ತಾರೆ ಎಂದು ರೋಮಿನ ಹಿರಿಯ ಪ್ಲಿನಿ 1ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಯುನಾನಿಯಲ್ಲಿ ಕಹ್ರುಬಾ ಎದೆಬಡಿತಕ್ಕೆ, ರಕ್ತಸ್ರಾವಕ್ಕೆ ಹೆಸರಾದ ದ್ರವ್ಯ.

ಸರ ಹಾಕಿಕೊಳ್ಳುವುದರಿಂದ ಕೆಡುಕೇನಿಲ್ಲ. ಸರವಿದೆಯೆಂದು ಆಸ್ಪತ್ರೆಗೆ ಹೋಗುವುದು ತಡವಾದರೆ ಕೆಡುಕು. ಮುಖ್ಯವಾಗಿ ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರಿಗೆ ಜ್ವರ, ಮೀನಖಂಡದ ನೋವಿನ ಜೊತೆ ಕಣ್ಣು ಹಳದಿಯಾದರೆ ಇಲಿಜ್ವರ ಇರಬಹುದು. ಅದಕ್ಕೆ ಬೇಕಾದದ್ದು ಅದೇ ದಿನದ ರಕ್ತಪರೀಕ್ಷೆ.

ದೃಷ್ಟಿ ತಾಗೋಲ್ವಂತೆ, ನಿಜಾನಾ?

ನಂಬುವವರು ಲಿಥುವೇನಿಯಾದಿಂದ ಮೊರಾಕೊವರೆಗೆ ಇದ್ದಾರೆ. ಕಾರಣ ಊಹಿಸುವುದು ಕಷ್ಟವಲ್ಲ. ಕಲ್ಲಿನಂತೆ ಕಾಣುತ್ತದೆ, ಆದರೆ ಬೆಚ್ಚಗಿದೆ. ಉಜ್ಜಿದರೆ ಹುಲ್ಲು ಸೆಳೆಯುತ್ತದೆ. ಬೆಂಕಿಗೆ ಹಾಕಿದರೆ ಪರಿಮಳಿಸುತ್ತದೆ. ಒಳಗೆ ಹುಳ ಜೀವ ಹಿಡಿದಂತೆ ಕೂತಿದೆ. ಇಷ್ಟೆಲ್ಲ ಇರುವ ವಸ್ತುವಿಗೆ ಶಕ್ತಿಯಿದೆ ಎಂದು ಜನ ಅಂದುಕೊಳ್ಳದಿದ್ದರೇ ಆಶ್ಚರ್ಯ. ಗ್ರೀಕರ ಕಥೆಯಲ್ಲಿ ಸೂರ್ಯನ ರಥ ಓಡಿಸಲು ಹೋಗಿ ಸತ್ತ ಫೇಥಾನನಿಗಾಗಿ ಅವನ ಅಕ್ಕತಂಗಿಯರು ಅತ್ತು ಅತ್ತು ಮರವಾದರು, ಕಣ್ಣೀರು ಅಂಬರ್ ಆಯಿತು. ಚೀನಿಯರಿಗೆ ಇದು ಹುಲಿಯ ಆತ್ಮ. ಮರದ ಕಣ್ಣೀರು ಎಂದ ಗ್ರೀಕರು ಸಸ್ಯಶಾಸ್ತ್ರಕ್ಕೆ ಹತ್ತಿರ ಬಂದಿದ್ದರು ಅನ್ನಬೇಕು. ಕೊಡಗಿನ ಹಳೆಯ ಪದ್ಧತಿಗಳಲ್ಲಿ ಅಂಬರ್‌ಗೆ ಪಾತ್ರವಿಲ್ಲ. ನಮ್ಮಲ್ಲಿ ಕರಿಮಣಿ, ಹವಳ, ನಾಗರಹೆಡೆಯೇ ಆ ಕೆಲಸ ಮಾಡಿಕೊಂಡು ಬಂದಿವೆ.

## ಕೊಡಗಿನ ಒಡವೆಯ ಜೊತೆ, ಕೊಡಗಿನ ಮಳೆಯಲ್ಲಿ

ಪತ್ತಾಕ್‌ನ ಹವಳ ಕಳೆದಿದೆ. ಆ ಜಾಗಕ್ಕೆ ಅಂಬರ್ ಮಣಿ ಹಾಕಿಸಬಹುದಾ?

ಹಾಕಿಸಬಹುದು, ಹೆಚ್ಚು ದಿನ ಬಾಳದು. ಪತ್ತಾಕ್ ಕೊಡವ ಹೆಂಗಸರ ಮದುವೆಯ ಪದಕದ ಸರ. ಅದರಲ್ಲಿ ನಾಣ್ಯದ ಸುತ್ತ ಮಾಣಿಕ್ಯ, ಮೇಲೆ ನಾಗರಹೆಡೆ, ಸರದಲ್ಲಿ ಚಿನ್ನದ ಗುಂಡು. ಹವಳದ ಗಡಸುತನ 3ರಿಂದ 4. ಅಂಬರ್ ಇವೆಲ್ಲಕ್ಕಿಂತ ಮೆದು. ದಿನವೂ ಉಜ್ಜಿಕೊಂಡು ಒಂದೆರಡು ವರ್ಷದಲ್ಲಿ ಮಂಕಾಗುತ್ತದೆ. ಮದುವೆಯಲ್ಲಿ ವಧುವಿಗೆ ತಾಯಿ ಕಟ್ಟುವ ಒಡವೆ ಪತ್ತಾಕ್. ಹವಳವನ್ನೇ ಹುಡುಕಿ ಹಾಕಿಸಿ ಎಂಬುದು ನಮ್ಮ ಸಲಹೆ. ಅರ್ಧಚಂದ್ರದ ಪದಕವಿರುವ ಕೊಕ್ಕೆತಾತಿಯ ಜೊತೆ ಅಂಬರ್ ಸರ ಹಾಕುವುದಾದರೂ ಬೇರೆ ಬೇರೆ ಉದ್ದದಲ್ಲಿ, ಒಂದರ ಮೇಲೊಂದು ಬೀಳದಂತೆ ಹಾಕಿ.

ರಾಳದ ನಂಟು ಬೇಕೆಂದರೆ ಕೊಡಗಿನ ಚಿನ್ನದ ಗುಂಡಿನ ಸರವಾದ ಜೋಮಾಲೆಯಲ್ಲಿ ಈಗಾಗಲೇ ಇದೆ. ಅದರ ಪೊಳ್ಳು ಚಿನ್ನದ ಗುಂಡುಗಳೊಳಗೆ ತುಂಬಿರುವುದು ಅರಗು. ಅದು ಮರದ್ದಲ್ಲ, ಕೀಟದ ರಾಳ. ಅದೂ ಬಿಸಿಗೆ ಮೆತ್ತಗಾಗುವುದರಿಂದ ಜೋಮಾಲೆಯನ್ನೂ ಕುದಿನೀರಿಗೆ ಹಾಕಬಾರದು.

ಚಿನ್ನದ ಪೆಂಡೆಂಟಿನಲ್ಲಿ ಕೂರಿಸುವಾಗ ಅಕ್ಕಸಾಲಿಗೆ ಏನು ಹೇಳಬೇಕು?

ಮೂರು ಮಾತು. ಕಟ್ಟನ್ನು ಪೂರ್ತಿ ಬೆಸೆದು, ಆಮ್ಲದಲ್ಲಿ ತೊಳೆದು, ಹೊಳಪು ಕೊಟ್ಟು, ತಣಿದ ಮೇಲೆಯೇ ಅಂಬರ್ ಇಡಬೇಕು. ಅಂಚನ್ನು ಮಡಚುವಾಗ ಸುತ್ತಿಗೆ ಬೇಡ, ತಳ್ಳುಗೋಲಿನಿಂದ ಸ್ವಲ್ಪ ಸ್ವಲ್ಪವೇ ಒತ್ತಬೇಕು. ಮುಂದೆ ಯಾವಾಗ ಬೆಸುಗೆ ಬೇಕಾದರೂ ಮೊದಲು ಅಂಬರ್ ಹೊರತೆಗೆಯಬೇಕು, ಏಕೆಂದರೆ 150 ಡಿಗ್ರಿಯ ಹೊತ್ತಿಗೆ ಅದು ಮೆತ್ತಗಾಗುತ್ತದೆ, ಬೆಸುಗೆಯ ಜ್ವಾಲೆ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರವೂ ಹಬೆಯೂ ಬೇಡ. ಒಳಗೆ ಕಾಣದ ಬಿರುಕಿದ್ದರೆ ಅಲ್ಲೇ ಸೀಳುತ್ತದೆ.

ಮಳೆಗಾಲದಲ್ಲಿ ಹೇಗಿಡೋದು? ಬೀರುವಿನಲ್ಲಿ ಎಲ್ಲದಕ್ಕೂ ಬೂಷ್ಟು.

ತೇವಕ್ಕೆ ಮಣಿ ಹೆದರುವುದಿಲ್ಲ, ದಾರ ಹೆದರುತ್ತದೆ. ಹತ್ತಿದಾರಕ್ಕೆ ಬೂಷ್ಟು ಹಿಡಿದು ಒಳಗಿಂದಲೇ ಕೊಳೆಯುತ್ತದೆ. ಸರವನ್ನು ಒಣಬಟ್ಟೆಯಲ್ಲಿ ಸುತ್ತಿ ಬೇರೆ ಡಬ್ಬಿಯಲ್ಲಿಡಿ, ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿ, ಮತ್ತೆ ಇಡಿ. ಹಾಕಿಕೊಂಡರೆ ಇನ್ನೂ ಒಳ್ಳೆಯದು. ಬೀರುವಿನ ನುಸಿಗುಳಿಗೆಯನ್ನು ದೂರವಿಡಿ. ಅದರ ಆವಿ ರಾಳದ ಮೇಲ್ಮೈಗೆ ಆಗಿಬರದು.

ಅಂಬರಿನ ನಿಜವಾದ ಶತ್ರು ಒಣ ಬಿಸಿ. ಬೂಷ್ಟಿಗೆ ಹೆದರಿ ಒಲೆಯ ಮೇಲಿನ ಅಟ್ಟದಲ್ಲಿ, ಹೇರ್ ಡ್ರೈಯರ್ ಮುಂದೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಇಟ್ಟರೆ ಮೇಲ್ಮೈ ಬೇಗ ಒಣಗಿ ಕುಗ್ಗಿ, ಕೆರೆಯ ಒಣಮಣ್ಣಿನಂತೆ ಬಿರುಕು ಬಿಡುತ್ತದೆ. ಸೆಂಟು, ಹೇರ್ ಸ್ಪ್ರೇ, ಸೊಳ್ಳೆ ಕ್ರೀಮು ಹಚ್ಚಿ ಒಣಗಿದ ಮೇಲೆ ಸರ ಹಾಕಿಕೊಳ್ಳಿ.

ದಾರ ಬದಲಾಯಿಸೋದು ಯಾವಾಗ, ಯಾವ ದಾರ?

ದಿನವೂ ಹಾಕಿದರೆ ಎರಡು ವರ್ಷಕ್ಕೊಮ್ಮೆ. ಮಣಿಗಳ ನಡುವೆ ದಾರ ಇಣುಕಲು ಶುರುವಾದರೆ ಇನ್ನೂ ಬೇಗ. ರೇಷ್ಮೆದಾರದಲ್ಲಿ ಪ್ರತಿ ಮಣಿಯ ನಂತರ ಒಂದು ಗಂಟು ಹಾಕಿಸಿ. ಗಂಟಿಗೆ ಎರಡು ಕೆಲಸ: ಮಣಿಗೆ ಮಣಿ ಉಜ್ಜದಂತೆ ತಡೆಯುವುದು, ದಾರ ಕಡಿದರೂ ಒಂದೇ ಮಣಿ ಬೀಳುವಂತೆ ನೋಡಿಕೊಳ್ಳುವುದು. 45 ಸೆಂಟಿಮೀಟರ್ ಸರಕ್ಕೆ ಎರಡೆಳೆಯಲ್ಲಿ ಪೋಣಿಸಲು 2 ಮೀಟರ್ ದಾರ ಹಿಡಿಯಿರಿ. ಲೋಹದ ತಂತಿ ಬೇಡವೇ ಬೇಡ, ಗರಗಸದಂತೆ ತೂತಿನ ಬಾಯಿಯನ್ನು ತಿನ್ನುತ್ತದೆ.

ಹೊಳಪು ಹೋಗಿದೆ, ಗೀರೂ ಬಿದ್ದಿದೆ. ಮನೇಲೇ ಸರಿ ಮಾಡಬಹುದಾ?

ಬರೀ ಕೊಳೆಯಾದರೆ ಉಗುರುಬೆಚ್ಚಗಿನ ನೀರು, ಒಂದು ಹನಿ ಮೃದು ಸೋಪು, ಹತ್ತಿಬಟ್ಟೆ. ಗೀರಾದರೆ 1000 ನಂಬರಿನ ನೀರುಕಾಗದವನ್ನು ಒದ್ದೆ ಮಾಡಿ ಸುತ್ತುಸುತ್ತಾಗಿ ಉಜ್ಜಿ, ಆಮೇಲೆ 2000, ಕೊನೆಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿದ ಒದ್ದೆಬಟ್ಟೆ. ಗೀರು ಪೂರ್ತಿ ಹೋಗುವ ಮೊದಲೇ ಮುಂದಿನ ನಂಬರಿಗೆ ಹಾರಿದರೆ ಕೊನೆಯ ಹೊಳಪಿನಲ್ಲಿ ಗೀರು ಎದ್ದು ಕಾಣುತ್ತದೆ. ಎಲ್ಲರೂ ಮಾಡುವ ತಪ್ಪು ಇದೇ. ಮೋಟಾರಿನ ಚಕ್ರಕ್ಕೆ ಹಿಡಿಯಬೇಡಿ. ಉಜ್ಜಿದ ಬಿಸಿಗೆ ಮೇಲ್ಮೈ ಅಂಟಂಟಾಗಿ ಎಳೆ ಏಳುತ್ತದೆ. ಹಳೆಯ ಅಂಬರ್ ಗಾಳಿಬೆಳಕಿಗೆ ಕೆಂಪುಕಂದಾಗಿರುತ್ತದೆ. ಉಜ್ಜಿದರೆ ಒಳಗಿನ ತಿಳಿಹಳದಿ ಹೊರಬರುತ್ತದೆ, ಆ ಬಣ್ಣ ಮರಳಲು ದಶಕಗಳು ಬೇಕು. ಅಜ್ಜಿಯಿಂದ ಬಂದ ಸರವಾದರೆ ಮುಟ್ಟದಿರುವುದೇ ಮೇಲು.

ಒಡೆದ ಚೂರುಗಳನ್ನು ಏನು ಮಾಡೋದು? ಧೂಪದ ಹಾಗೆ ಕೆಂಡಕ್ಕೆ ಹಾಕಬಹುದಾ?

ಹಾಕಬಹುದು, ರಾಳವೇ ತಾನೇ. ಎರಡಾಗಿ ಒಡೆದ ಮಣಿಯನ್ನು ತಿಳಿ ಎಪಾಕ್ಸಿಯಿಂದ ಅಂಟಿಸಬಹುದು, ಜೋಡಣೆಯ ಗೆರೆ ಉಳಿಯುತ್ತದೆ. ಪುಡಿಯಾದದ್ದಕ್ಕೆ ಕೆಂಡವೇ ದಾರಿ. ಅಸಿಟೋನ್ ಪರೀಕ್ಷೆ, ಉಪ್ಪುನೀರಿನ ಪರೀಕ್ಷೆ ಎರಡನ್ನೂ ದಾಟಿದ ಚೂರನ್ನು ಮಾತ್ರ ಹಾಕಿ. ಪ್ಲಾಸ್ಟಿಕ್ ಆದರೆ ಮನೆತುಂಬ ವಿಷದ ಹೊಗೆ. ಕಿಟಕಿ ತೆರೆದು, ಕೆಂಡದ ಮೇಲೆ ಬೂದಿ ಉದುರಿಸಿ ಬಿಸಿ ತಗ್ಗಿಸಿ, ಮೆಣಸಿನ ಕಾಳಿನಷ್ಟು ಚೂರು ಇಡಿ. ನೇರ ಕೆಂಡಕ್ಕೆ ಹಾಕಿದರೆ ಮಸಿಹೊಗೆ ಎದ್ದು ಕಣ್ಣು ಉರಿಯುತ್ತದೆ. ಹದವಾದರೆ ಸರಲ ಮರದ ವಾಸನೆ ಬರುತ್ತದೆ. ಪರಿಮಳದಲ್ಲಿ ನಮ್ಮ ಕರಿಧೂಪವೇ ಒಂದು ಕೈ ಮೇಲು, ಬೆಲೆಯಲ್ಲೂ ಅಗ್ಗ.